ಎರಡು ಸೀಟಿನ ಕಾರು, ಎಣಿಕೆಗೆ ಸಿಗದ ದೋಷ

ನಮ್ಮ ಭಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದು ಹೊಗಳಿಕೆ ಅಂದುಕೊಂಡಿರಾ? ಹಾಗಾದರೆ ನೀವು ಜೀವಮಾನದಲ್ಲಿ ಒಂದು ಹಳೇ ಸೈಕಲ್ಲನ್ನೂ ಮಾರಿದವರಲ್ಲ! ಸುಳ್ಳು ಹೇಳದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೇಳಿದ್ದಕ್ಕೆ ನಿಜ ಹೇಳಿ ಸುಮ್ಮನಾಗುತ್ತಾರೆ. ನಮ್ಮ ಭಾವ ಕೇಳದೇ ಇದ್ದದ್ದಕ್ಕೂ ನಿಜ ಹೇಳುವವರು. ಅದೂ ಎದ್ದು ನಿಂತು, ಅತ್ತಿತ್ತ ಓಡಾಡಿ, ಬೆರಳಿಟ್ಟು ತೋರಿಸಿ!

ನಾನೋ, ಹೋಳೂರಿನಿಂದ ಸೈಕಲ್ ಮೇಲೆ ಟೊಮೇಟೊ ತಂದು ಕೋಲಾರದಲ್ಲಿ ಮಾರಿ, ಆಮೇಲೆ ಹಳೇ ಪಂಪ್‌ಸೆಟ್ಟು, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟು ಮೇಲೆ ಬಂದವನು. ಚೆನ್ನಾಗಿರುವ ಹಣ್ಣು ಮೇಲಿರಬೇಕು, ಮಿಕ್ಕಿದ್ದನ್ನು ಗಿರಾಕಿ ಮನೆಗೆ ಹೋಗಿ ನೋಡಿಕೊಳ್ಳಲಿ ಅನ್ನುವುದು ನನ್ನ ವಿದ್ಯಾಭ್ಯಾಸ. ಇಂಥ ನನಗೆ ಇಂಥ ಭಾವ!

ಕಾರಿನ ವಿಷಯದಲ್ಲಿ ಮಾತ್ರ ಹೀಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಮಗಳ ವಿಷಯದಲ್ಲೂ ಹೀಗೇ. ನನ್ನ ಅಕ್ಕನ ಮಗಳು ಸರೋಜಳ ಮದುವೆ ಭಾವನ ಈ ಬಾಯಿಯಿಂದಲೇ ಕುದುರದೆ ನಿಂತಿತ್ತು. ಅಲ್ಲಿಗೆ ಬರುತ್ತೇನೆ. ಮೊದಲು ಕಾರು.

ಭಾವನಿಗೆ ಕೆಲಸ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ರೋಗದ ಚುಕ್ಕೆ ಇದೆಯೇ ಅಂತ ನೋಡುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ದೋಷ ಹುಡುಕು ಅಂತ ಸರ್ಕಾರವೇ ಸಂಬಳ ಕೊಟ್ಟರೆ ಮನುಷ್ಯ ಏನಾಗಬೇಕು ಹೇಳಿ! "ಒಂದು ಚುಕ್ಕೆ ಮುಚ್ಚಿಟ್ರೆ ರೈತನ ಮನೆ ಹುಳ ಅಷ್ಟೂ ಗೂಡು ಕಟ್ಟೋ ಹೊತ್ತಿಗೆ ಸಾಯ್ತವೆ ಕಣಯ್ಯ," ಅನ್ನುತ್ತಿದ್ದರು. ಊಟಕ್ಕೆ ಕೂತಾಗಲೂ ಅದೇ ಮಾತು. ಕೂತಾಗ ಅಂದೆನೇ? ತಪ್ಪಾಯಿತು. ಅವರು ಉಣ್ಣುತ್ತಿದ್ದದ್ದು ನಿಂತುಕೊಂಡು. ಕೈಯಲ್ಲಿ ಮುದ್ದೆ, ಕಿವಿ ಅಂಗಳದ ಕಡೆ.

ಅಂಗಳದಲ್ಲಿ ಆ ಕಾರು ನಿಂತಿರುತ್ತಿತ್ತು. ಮೇಲ್ಛಾವಣಿ ಇಲ್ಲದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಇಂಗ್ಲೆಂಡಿನ ರೇಸು ಗಾಡಿ. ಹೆಸರು ಹೇಳುವುದಿಲ್ಲ, ಮಾಡಿದವರಿಗೆ ಬೇಜಾರಾದೀತು. ಚಿನ್ನದ ಗಣಿಯ ಯಾವನೋ ದೊರೆ ತರಿಸಿದ್ದು, ಕೈಯಿಂದ ಕೈಗೆ ಹೋಗಿ, ಕಡೆಗೆ ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಅನಾಥವಾಗಿ ಬಿದ್ದಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ ಭಾವ ಅದನ್ನು ಎತ್ತಿನ ಗಾಡಿಗೆ ಕಟ್ಟಿಸಿ ಮನೆಗೆ ಎಳೆಸಿಕೊಂಡು ಬಂದರು. ಅವತ್ತು ಅಕ್ಕ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಕಾರು ಅಂದರೆ ಅವಳ ಕಣ್ಣಲ್ಲಿ ಬೇರೆ ಏನೋ ಇತ್ತು ಪಾಪ! ಎತ್ತುಗಳಿಗೇ ಆರತಿ ಎತ್ತಿ ಒಳಗೆ ಹೋದಳು.

ಆವತ್ತಿನಿಂದ ಭಾವನಿಗೆ ನೆಲೆ ಇಲ್ಲ. ವಾಷರಿಗೆ ಶ್ರೀನಿವಾಸಪುರ, ರಬ್ಬರ್ ಕೊಳವೆಗೆ ಮಾಲೂರು, ಸ್ಪ್ರಿಂಗಿಗೆ ಮುಳಬಾಗಿಲು. ಬಸ್ಸಿನಲ್ಲಿ ಹೋಗುತ್ತಾರೆ, ಬಸ್ಸಿನಲ್ಲಿ ಬರುತ್ತಾರೆ, ಬಂದವರು ಚಪ್ಪಲಿ ಬಿಡದೆ ಕಾರಿನ ಕೆಳಗೆ ಹೋಗುತ್ತಾರೆ. ಕಾರು ಕೆಟ್ಟಿದ್ದರಾದರೂ ಒಂದು ರೀತಿ ನೆಮ್ಮದಿ. ಸರಿಯಾಗಿ ಓಡಿಬಿಟ್ಟರೆ ಮುಗಿಯಿತು! "ಏನೋ ಶಬ್ದ ಬರ್ತಿಲ್ಲ ಕಣೋ, ಏನೋ ಆಗಿದೆ," ಅಂತ ಅಂಗಳವೆಲ್ಲ ತಿರುಗಿ, ಮತ್ತೆ ಬಿಚ್ಚುತ್ತಿದ್ದರು.

ಬೇರೆ ಗಾಡಿಗಳಲ್ಲಿ ಬ್ಯಾಟರಿಯ ಋಣದ, ಅಂದರೆ ಮೈನಸ್ಸಿನ, ತಂತಿಯನ್ನು ಗಾಡಿಯ ಮೈಗೆ ಕಟ್ಟುತ್ತಾರೆ. ಇದರಲ್ಲಿ ಉಲ್ಟಾ, ಧನದ ತಂತಿ ಮೈಗೆ. ಮಾಲೂರಿನ ಒಬ್ಬ ಮೆಕ್ಯಾನಿಕ್ಕು "ಯಾವನೋ ತಿಳೀದೋನು ಹಾಕವ್ನೆ ಸಾರ್," ಅಂತ ಉಪಕಾರ ಮಾಡಲು ಹೋಗಿ ಸರಿಯಾಗಿ ಕಟ್ಟಿದ. ಡೈನಮೋದಿಂದ ಹೆಂಚಿನ ಗೂಡಿನಷ್ಟು ಹೊಗೆ! ಭಾವ ಬೈಯುವ ಬದಲು ಅವನ ಕೈ ಕುಲುಕಿ, "ನಿನ್ನ ತಪ್ಪಲ್ಲಪ್ಪ, ನಾನೇ ಮೊದಲೇ ಹೇಳಬೇಕಿತ್ತು," ಅಂದುಬಿಟ್ಟರು. ಅವತ್ತಿನಿಂದ ಹೇಳುವ ಚಟ ಇನ್ನೂ ಹೆಚ್ಚಾಯಿತು.

ಇನ್ನೊಂದು ಸಲ ನಂಗಲಿ ಹತ್ತಿರ ನಾನೂ ಜೊತೆಗಿದ್ದೆ. ಈ ಕಾರಿನ ಚಕ್ರಕ್ಕೆ ನಟ್ಟು ಒಂದೇ, ನಡುವಿನಲ್ಲಿ. ಅದನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು. ಆ ದಿನ ಬಡಿದಿರಲಿಲ್ಲ. ಹೆದ್ದಾರಿಯಲ್ಲಿ ಗಾಳಿ ಕುಡಿದುಕೊಂಡು ಹೋಗುತ್ತಿದ್ದೇವೆ, ಪಕ್ಕದಲ್ಲೊಂದು ಚಕ್ರ ನಮ್ಮನ್ನು ದಾಟಿಕೊಂಡು ಹೋಯಿತು. "ಯಾರದೋ ಚಕ್ರ ಪಾಪ," ಅಂದೆ. ಮುಗಿಸುವಷ್ಟರಲ್ಲಿ ನನ್ನ ಕಡೆ ನೆಲಕ್ಕೆ ಕುಸಿಯಿತು! ಚಹದ ಅಂಗಡಿ ಮುಂದೆ ಕೂತಿದ್ದ ಲಾರಿ ಡ್ರೈವರೊಬ್ಬ ಗ್ಲಾಸು ಕೂಡ ಕೆಳಗಿಡದೆ, "ಸಾರ್, ಮೀ ಚಕ್ರಂ ಮುಂದೇ ಪೋಯಿಂದಿ! ಮೀರು ನೆಮ್ಮದಿಗಾ ರಂಡಿ," ಅಂದ. ಚಕ್ರ ಮೊದಲು ಹೋಗಿದೆಯಂತೆ, ನಾವು ನಿಧಾನವಾಗಿ ಬರಬೇಕಂತೆ!

ಸಾಕಪ್ಪ ಅನ್ನಿಸಿ ಬೆಂಗಳೂರಿನಿಂದ ಒಬ್ಬ ಗಿರಾಕಿಯನ್ನು ಹಿಡಿದು ತಂದೆ. ಅಗಲ ಕಾಲಿನ ಪ್ಯಾಂಟು, ಕಪ್ಪು ಕನ್ನಡಕ, ನೋಡಿದ ಕೂಡಲೇ ಕಾರಿನ ಮೇಲೆ ಪ್ರೀತಿ. ಇಲ್ಲಿ ನನ್ನದೊಂದು ಬುದ್ಧಿಮಾತು: ಹಳೇ ಗಾಡಿ ಮಾರುವವರು ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಡಿ, ನೆಲದ ಎಣ್ಣೆ ಕಲೆಯ ಮೇಲೆ ಮರಳು ಹಾಕಿಡಿ, ಮುಖ್ಯವಾಗಿ ಮಾಲೀಕನನ್ನು ಎಲ್ಲಾದರೂ ಕಳಿಸಿಬಿಡಿ. ಮೊದಲೆರಡು ಮಾಡಿದ್ದೆ. ಮೂರನೆಯದು ಮರೆತೆ.

ಭಾವ ಶುರು ಮಾಡಿದರು. "ನೋಡಿ, ಪೆಟ್ರೋಲಿನ ಮುಳ್ಳು ಯಾವಾಗಲೂ ಅರ್ಧ ಟ್ಯಾಂಕ್ ತೋರಿಸುತ್ತೆ. ಟ್ಯಾಂಕನ್ನೇ ಬಿಚ್ಚಿ ಜಗಲಿ ಮೇಲಿಟ್ರೂ ಅರ್ಧ. ಎಡಕ್ಕೆ ತಿರುಗಿಸಿದ್ರೆ ಹಾರನ್ ತಾನಾಗೇ ಹೊಡ್ಕೊಳ್ಳುತ್ತೆ. ಬಲಕ್ಕೆ ತಿರುಗಿಸಿದ್ರೆ ಹೊಡೆದ್ರೂ ಕೂಗಲ್ಲ. ಸೆಕೆಗೆ ಪೆಟ್ರೋಲ್ ಪಂಪು ನಿಂತುಹೋಗುತ್ತೆ. ಆಗ ಸೀಟಿನ ಹಿಂದೆ ಆ ಪಂಪಿಗೆ ಇದರಲ್ಲಿ ಎರಡು ತಟ್ಟಬೇಕು." ತೆಗೆದು ತೋರಿಸಿದ್ದು ಅಕ್ಕನ ಮುದ್ದೆ ಕೋಲು! ಅಕ್ಕ ಒಳಗೆ ಅದನ್ನೇ ಹುಡುಕುತ್ತಿದ್ದಳು.

ಗಿರಾಕಿ ಕನ್ನಡಕ ತೆಗೆದ. ನೋಡಿದ. ಹಾಕಿಕೊಂಡ. ಹೋದ.

"ಭಾವ, ಒಂದಾದ್ರೂ ಮುಚ್ಚಿಡಬಾರದಾ?" ಅಂತ ತಲೆ ಚಚ್ಚಿಕೊಂಡೆ.

ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. "ಮುಚ್ಚಿಟ್ಟು ಮಾರಿದ್ದಕ್ಕೇ ಅಲ್ವೇನೋ ಇದು ಹುಣಸೆಮರದ ಕೆಳಗೆ ಬಿದ್ದಿದ್ದು? ಗೊತ್ತಿಲ್ದೆ ತಗೊಂಡೋನು ನಡುದಾರೀಲಿ ಇಳಿದು ಬಿಟ್ಟು ಹೋಗ್ತಾನೆ. ಗೊತ್ತಿದ್ದು ತಗೊಂಡೋನು ಇಳಿದು ರಿಪೇರಿ ಮಾಡ್ತಾನೆ."

ಇದು ವ್ಯಾಪಾರದ ಮಾತೇ? ನೀವೇ ಹೇಳಿ!

ಈಗ ಸರೋಜಳ ವಿಷಯ. ಓದಿದ ಹುಡುಗಿ, ಲಕ್ಷಣವಂತೆ, ಮಾತಿನಲ್ಲಿ ನನ್ನನ್ನೇ ಸೋಲಿಸುವವಳು. ಎಳೆಯದರಲ್ಲಿ ಪೋಲಿಯೋ ಬಂದು ಎಡಗಾಲು ಒಂದಿಷ್ಟು ಗಿಡ್ಡವಾಗಿತ್ತು, ನಡೆದರೆ ಗೊತ್ತಾಗುತ್ತಿತ್ತು. ನಮ್ಮ ಕಡೆ ಸೋದರಮಾವನಿಗೇ ಕೊಡುವುದುಂಟಲ್ಲ, ನನಗೆ ಮದುವೆಯಾಗದೇ ಇದ್ದಿದ್ದರೆ ಅಕ್ಕ ನನ್ನನ್ನೇ ಹಿಡಿದು ಹಸೆಮಣೆ ಹತ್ತಿಸುತ್ತಿದ್ದಳೇನೋ! ನೋಡಲು ಬಂದ ಗಂಡಿನವರು ಉಪ್ಪಿಟ್ಟಿಗೆ ಕೈ ಹಾಕುವ ಮುಂಚೆಯೇ ಭಾವ ಎದ್ದು ನಿಲ್ಲುತ್ತಿದ್ದರು. "ಮೊದಲೇ ಹೇಳಿಬಿಡ್ತೀನಿ. ಎಡಗಾಲು ಗಿಡ್ಡ. ಕೋಪ ಬೇಗ. ಸಾರಿಗೆ ಉಪ್ಪು ಒಂದು ಕೈ ಜಾಸ್ತಿ." ಗಂಡಿನವರು ಉಪ್ಪಿಟ್ಟು ಮಾತ್ರ ಮುಗಿಸಿ ಹೋಗುತ್ತಿದ್ದರು. ಒಂದು ಸಂಬಂಧ, ಎರಡು ಸಂಬಂಧ, ಆಮೇಲೆ ದಲ್ಲಾಳಿ ಆ ಬೀದಿಗೇ ಬರುವುದನ್ನು ಬಿಟ್ಟ.

ಅಷ್ಟರಲ್ಲಿ ಶ್ರೀನಿವಾಸಪುರದ ಕಡೆಯಿಂದ ಮಾವಿನ ತೋಪಿನವರದೊಂದು ಸಂಬಂಧ ಬಂತು. ಹುಡುಗ ಹೈಸ್ಕೂಲ್ ಮೇಷ್ಟ್ರು. ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕೂರುವುದಿಲ್ಲ ಅಂತ ಸರೋಜ ಹೇಳಿಬಿಟ್ಟಿದ್ದಳು. ಅಕ್ಕ ನನ್ನ ಅಂಗಡಿಗೇ ಬಂದು ಅತ್ತಳು. "ಏನಾದ್ರೂ ಮಾಡೋ. ನಿಮ್ಮ ಭಾವನ ಬಾಯಿ ಮುಚ್ಚಿಸೋ."

ವ್ಯಾಪಾರ ಅಂದರೆ ನಾನು ಹಿಂದೆ ಸರಿಯುವವನೇ? ಆ ಕಾರಿಗೆ ಕಾರ್ಬುರೇಟರ್ ಎರಡು. ಎರಡೂ ಒಂದೇ ಸಮ ಉಸಿರಾಡಬೇಕು. ಭಾವ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿಗೆ ಇಟ್ಟು, ಡಾಕ್ಟರ ಹಾಗೆ ಗಂಟೆಗಟ್ಟಲೆ ಆಲಿಸುತ್ತಿದ್ದರು. ಒಂದಕ್ಕಂತೂ ಉಬ್ಬಸ ಹಿಡಿದು ವರ್ಷಗಳಾಗಿದ್ದವು. ನಾನು ಮದ್ರಾಸಿನ ಹಳೇ ಸಾಮಾನಿನ ಬೀದಿಯಲ್ಲಿ ಅದೇ ಜಾತಿಯ ಜೋಡಿಯೊಂದನ್ನು ಪತ್ತೆ ಮಾಡಿ ತಂದು ಅವರ ಮುಂದಿಟ್ಟೆ.

"ಇದರ ಬೆಲೆ ಒಂದು ಬೆಳಿಗ್ಗೆ, ಭಾವ. ಅವರು ಬಂದು ಹೋಗೋವರೆಗೆ ಸರೋಜನ ಬಗ್ಗೆ ಒಂದು ಮಾತು ಆಡಬಾರದು."

ಅವರು ಕಾರ್ಬುರೇಟರನ್ನು ನೋಡಲಿಲ್ಲ. ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದ ಅಕ್ಕನನ್ನು ನೋಡಿ, "ಆಯ್ತು," ಅಂದರು. ಸರಕನ್ನು ಅಲ್ಲೇ ಕೊಟ್ಟುಬಿಟ್ಟೆ. ನೀವು ಹಾಗೆ ಮಾಡಬೇಡಿ. ಪೂರ್ತಿ ಮುಂಗಡ ಯಾರಿಗೂ ಕೊಡಬೇಡಿ, ಭಾವನಿಗಂತೂ ಕೊಡಲೇಬೇಡಿ.

ಆ ದಿನ ಎಲ್ಲ ನಾನು ಹೇಳಿದಂತೆಯೇ ನಡೆಯಿತು. ಗಂಡಿನವರು ಬರುವ ಮುಂಚೆಯೇ ಸರೋಜಳನ್ನು ಚಾಪೆಯ ಮೇಲೆ ಕೂರಿಸಿದೆ. ಕಾಫಿ ತಂದಿಟ್ಟವಳು ನನ್ನ ಹೆಂಡತಿ. "ನಮ್ಮ ಹುಡುಗಿ ನಾಚಿಕೆ ಸ್ವಭಾವ, ಎದ್ದು ಓಡಾಡಲ್ಲ," ಅಂದೆ. ಸರೋಜ ನನ್ನನ್ನು ಸುಡುವ ಹಾಗೆ ನೋಡಿದಳು. ಭಾವ ಮೂಲೆಯಲ್ಲಿ ತುಟಿ ಬಿಗಿದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ಅಲ್ಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

ಆಗ ಹುಡುಗ ಕಿಟಕಿಯಾಚೆ ನೋಡಿ, "ಸಾರ್, ಆ ಕಾರು ನಿಮ್ಮದಾ? ನೋಡಬಹುದಾ?" ಅಂದ.

ಭಾವ ನನ್ನ ಕಡೆ ತಿರುಗಿದರು. ಶಾಲೆಯ ಹುಡುಗ ಹೊರಗೆ ಹೋಗಲು ಅಪ್ಪಣೆ ಕೇಳುವ ಮುಖ! "ಕಾರಿನ ಬಗ್ಗೆ ಮಾತ್ರ," ಅಂತ ಕಿವಿಯಲ್ಲಿ ಅಂದೆ.

ಗಂಡಸರೆಲ್ಲ ಅಂಗಳಕ್ಕೆ ಇಳಿದೆವು. ಅಣೆಕಟ್ಟು ಒಡೆಯಿತು ನೋಡಿ! ಪೆಟ್ರೋಲಿನ ಮುಳ್ಳು, ಹಾರನ್, ಉಲ್ಟಾ ಬ್ಯಾಟರಿ, ನಂಗಲಿಯ ಚಕ್ರ, ಒಂದನ್ನೂ ಬಿಡಲಿಲ್ಲ. ಆಶ್ಚರ್ಯ ಅಂದರೆ ಹುಡುಗ ಓಡಿಹೋಗಲಿಲ್ಲ. ನಗುತ್ತ, "ಆಮೇಲೆ ಸಾರ್? ಇನ್ನೇನಿದೆ?" ಅಂತ ಕೇಳುತ್ತಲೇ ಡ್ರೈವರ್ ಸೀಟಿನಲ್ಲಿ ಕೂತ. ಕೂತವನು ಬಗ್ಗಿ ಕಾಲ ಹತ್ತಿರ ನೋಡಿದ.

"ಸಾರ್, ಈ ಕ್ಲಚ್ ಪೆಡಲಿನ ಮೇಲೆ ಮರದ ತುಂಡು ಯಾಕೆ? ನನ್ನ ಎಡಗಾಲು ಮಡಚಿ ಇಡಬೇಕಾಗುತ್ತೆ. ಇದೂ ಒಂದು ದೋಷಾನಾ?"

ನಾನೂ ಬಗ್ಗಿ ನೋಡಿದೆ. ಹಲಸಿನ ಮರದ ಅಚ್ಚುಕಟ್ಟಾದ ತುಂಡು, ಮೇಲೆ ಚಪ್ಪಲಿಯ ರಬ್ಬರು, ಎರಡು ಸ್ಕ್ರೂ. ರಬ್ಬರು ತುಳಿದು ತುಳಿದು ಸವೆದಿತ್ತು. ಅಷ್ಟು ವರ್ಷ ಆ ಕಾರಿನಲ್ಲಿ ಪಕ್ಕದಲ್ಲೇ ಕೂತು ಬೈದುಕೊಂಡು ಓಡಾಡಿದವನು, ಕಾಲ ಕೆಳಗೆ ನೋಡಿರಲಿಲ್ಲ. ಏನೋ ಹೊಳೆಯಿತು. ಹೊಳೆದ ಕೂಡಲೇ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. "ಹೂಂ, ಹೂಂ, ಅದೂ ದೋಷಾನೇ! ಹಿಂದೆ ಇಟ್ಕೊಂಡಿದ್ದೋನು ಯಾವನೋ ಗಿಡ್ಡ…"

"ಅಲ್ಲ," ಅಂದರು ಭಾವ.

ಓಡಾಡುತ್ತಿದ್ದವರು ನಿಂತುಬಿಟ್ಟಿದ್ದರು. ನಾನು ಕಣ್ಣು ಸನ್ನೆ ಮಾಡಿದೆ, ಕೆಮ್ಮಿದೆ, ಕಾಲು ತುಳಿದೆ.

"ಇಷ್ಟು ಹೊತ್ತು ಹೇಳಿದ್ದೆಲ್ಲ ದೋಷ ಕಣಪ್ಪ. ಇದು ದೋಷ ಅಲ್ಲ. ಇದು ನನ್ನ ಮಗಳ ಅಳತೆ. ಅವಳ ಎಡಗಾಲು ಇಷ್ಟು ಗಿಡ್ಡ." ಬೆರಳು ಅಗಲಿಸಿ ತೋರಿಸಿದರು. ಮರದ ತುಂಡಿನಷ್ಟೇ ಅಗಲ. "ಕ್ಲಚ್ಚು ಎಟುಕ್ತಿರಲಿಲ್ಲ. ಅದಕ್ಕೇ ಇಟ್ಟೆ. ಹೋಳೂರಿನ ರಸ್ತೇಲಿ ಅವಳೇ ಓಡಿಸೋದು. ನನಗಿಂತ ಚೆನ್ನಾಗಿ."

ಹುಡುಗನ ಅಪ್ಪ ಮಗನ ಮುಖ ನೋಡಿದರು, ಮಗ ಪೆಡಲನ್ನು ನೋಡುತ್ತಿದ್ದ. ಅಕ್ಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. ಅವಳ ಹಿಂದಿನಿಂದ ಸರೋಜ ಬಂದಳು. ನಾನು ಅಷ್ಟು ಯೋಚನೆ ಮಾಡಿ ಕೂರಿಸಿದ್ದ ಚಾಪೆ ಬಿಟ್ಟು ಎದ್ದು, ಮೆಟ್ಟಿಲಿಳಿದು, ಅಷ್ಟು ಜನರ ಕಣ್ಣ ಮುಂದೆ, ಅಂಗಳದ ಆ ತುದಿಯಿಂದ ಈ ತುದಿಗೆ, ತನ್ನ ನಡಿಗೆಯಲ್ಲೇ ನಡೆದು ಬಂದಳು. ಬೇಗ ಬರಲು ನೋಡಲಿಲ್ಲ. ಕಾರಿನ ಬಾಗಿಲು ತೆಗೆದು, "ಸ್ವಲ್ಪ ಆ ಕಡೆ ಕೂತ್ಕೊತೀರಾ?" ಅಂದಳು.

ಹುಡುಗ ಆ ಕಡೆಗೆ ದಾಟಿ ಕೂತ! ಸರೋಜ ಕೂತು ಕೀ ತಿರುಗಿಸಿದಳು. ಕರ್ ಕರ್ ಅಂತು. ಅಷ್ಟೇ.

"ನಿನ್ನೆ ಅಪ್ಪ ಬೇರೆ ಕಾರ್ಬುರೇಟರ್ ಹಾಕಿದ್ದಾರೆ. ಇನ್ನೂ ಹೊಂದಿಸಿಲ್ಲ," ಅಂದಳು. ನಾನು ಮದ್ರಾಸಿನಿಂದ ತಂದದ್ದೇ! "ಇಳಿದು ತಳ್ಳಬೇಕು."

"ಯಾರು?"

"ನಾನು ಕ್ಲಚ್ ನೋಡ್ಕೋಬೇಕಲ್ಲ."

ಮೇಷ್ಟ್ರು ಇಳಿದ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಹಿಂದಿನಿಂದ ಕೈ ಕೊಟ್ಟ. ಕಾರು ಅಲುಗಲಿಲ್ಲ. ನಾನೂ ಹೋದೆ. ಆಗಲೂ ಅಲುಗಲಿಲ್ಲ. ಹುಡುಗನ ಅಪ್ಪ ಇನ್ನೂ ಕಂಬದ ಹಾಗೆ ನಿಂತಿದ್ದರು. ಮುಗಿಯಿತು ಅಂದುಕೊಂಡೆ. ಅವರು ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿದರು, ಬಂದು ನನ್ನ ಪಕ್ಕದಲ್ಲಿ ಭುಜ ಕೊಟ್ಟರು, ಕೊಟ್ಟವರು ಹಿಂದೆ ತಿರುಗಿ ಕೂಗಿದರು:

"ಏನ್ ಬೀಗರೇ, ನೋಡ್ತಾ ಕೂತ್ರೆ ಹೆಂಗೆ? ಬನ್ನಿ, ಒಂದು ಕೈ ಹಾಕಿ!"

ಬೀಗರು, ಅಂದರೆ ನಮ್ಮ ಭಾವ, ಬರಲಿಲ್ಲ. ಜಗಲಿಯ ಮೇಲೆ ಕೂತುಬಿಟ್ಟಿದ್ದರು, ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ. ಅದು ಗ್ರೀಸು ಒರೆಸುವ ಬಟ್ಟೆ. ಒರೆಸಿದಷ್ಟೂ ಮುಖ ಕಪ್ಪಾಗುತ್ತಿತ್ತು. ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.