ಬಾಚಣಿಗೆಗೆ ಬಿದ್ದ ಒಂದು ಓಟು

ಬೆಳಗ್ಗೆ ಏಳಕ್ಕೆ ಮತಗಟ್ಟೆವಾರು ಲೆಕ್ಕ ಪೇಪರಿನಲ್ಲಿ ಬಂತು. ಬೇಕರಿ ಬೀದಿಯಲ್ಲಿ ಬೀಗದ ಗುರುತಿಗೆ ಆರುನೂರ ಹನ್ನೊಂದು, ಬಾಚಣಿಗೆ ಗುರುತಿಗೆ ಒಂದು. ಏಳೂವರೆಯ ಹೊತ್ತಿಗೆ ಆ ಒಂದು ಯಾರದೆಂದು ಬೀದಿಗೆಲ್ಲ ಗೊತ್ತಾಗಿಹೋಗಿತ್ತು. ಗೊತ್ತಿಲ್ಲದವನು ಟೈಪಿಸ್ಟ್ ಒಬ್ಬನೇ. ಅವನು ಬಚ್ಚಲಲ್ಲಿದ್ದ.

ಆ ಊರಿನಲ್ಲಿ ಓಟು ಹಾಕುವುದು ಮನುಷ್ಯರಲ್ಲ, ಬೀದಿಗಳು. ಬಸ್ ಸ್ಟ್ಯಾಂಡ್ ಹಿಂದಿನ ಬೀದಿ ಮೂವತ್ತು ವರ್ಷದಿಂದ ಬಾಚಣಿಗೆಗೆ, ಬೇಕರಿ ಬೀದಿ ಅಜ್ಜಂದಿರ ಕಾಲದಿಂದ ಬೀಗಕ್ಕೆ. ಯಾಕೆ ಎಂದು ಯಾರಿಗೂ ತಿಳಿಯದು, ಕೇಳಿದವನ ಮೇಲೆ ಮಾತ್ರ ಅನುಮಾನ. ಗುಪ್ತ ಮತದಾನವಂತೆ! ಒಳಗೊಂದು ಪರದೆ ಕಟ್ಟಿ, ಹೊರಗೆ ಬೀದಿ ಸಂಘದ ಅಧ್ಯಕ್ಷರು ಕುರ್ಚಿ ಹಾಕಿಕೊಂಡು ಬಂದವರ ಮುಖಮುಖ ನೋಡುತ್ತ ಕೂರುವುದಕ್ಕೆ ಯಾವ ಪುಣ್ಯಾತ್ಮ ಈ ಹೆಸರಿಟ್ಟನೋ. ಈ ಸಲ ಅಧ್ಯಕ್ಷರು ಬೀಗದ ಅಭ್ಯರ್ಥಿಗೆ ನೂರಕ್ಕೆ ನೂರು ಓಟಿನ ಮಾತು ಕೊಟ್ಟಿದ್ದರು. ಅವನು ಮನೆಮನೆಗೂ ನಲ್ಲಿಯ ಮಾತು ಕೊಟ್ಟಿದ್ದ, ಗೆದ್ದೂ ಇದ್ದ.

ಟೈಪಿಸ್ಟ್ ಕೋರ್ಟಿನ ಎದುರು ಮೇಜು ಹಾಕಿಕೊಂಡು ಅಫಿಡವಿಟ್ ಟೈಪ್ ಮಾಡಿಕೊಡುವವನು. ನಲ್ಲಿ ಅವನಿಗೆ ಬೇಕೇ ಬೇಕಿತ್ತು. ಬೀದಿ ತುದಿಯ ಕೈಪಂಪಿನಿಂದ ನೀರು ಹೊತ್ತು ಹೊತ್ತು ಅವನ ಹೆಂಡತಿಯ ಸೊಂಟ ಬಿದ್ದುಹೋಗಿತ್ತು. ಆ ಸೊಂಟಕ್ಕಾಗಿಯೇ ಅವನು ಕಣ್ಣು ಮುಚ್ಚಿಕೊಂಡು ಬೀಗಕ್ಕೆ ಒತ್ತಿ ಬಂದಿದ್ದ.

ಬಚ್ಚಲಿನಿಂದ ಹೊರಬಂದರೆ ಬಾಗಿಲಲ್ಲಿ ದಂಡೇ ನಿಂತಿತ್ತು.

"ಏನಪ್ಪಾ, ಬೀದಿ ಮಾನ ಕಳೆದುಬಿಟ್ಟೆಯಲ್ಲ!" ಎಂದರು ಅಧ್ಯಕ್ಷರು.

"ಸಾರ್, ನಾನು ಬೀಗಕ್ಕೇ ಹಾಕಿದ್ದು!"

"ಹಾಕಿದವರು ಯಾರಾದ್ರೂ ಹಾಕಿದೆ ಅಂತಾರಾ?" ಬೇಕರಿಯವನು ಕೇಳಿದ.

ಪಕ್ಕದ ಮನೆಯಾಕೆ ಸಾಕ್ಷಿ ನುಡಿದಳು. "ಪ್ರಚಾರದ ಮೈಕಿನ ಸೌಂಡು ಕಮ್ಮಿ ಮಾಡಿ ಅಂದವನು ಇವನೊಬ್ಬನೇ. ಅವತ್ತೇ ಅಂದ್ಕೊಂಡೆ ನಾನು."

"ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ?"

"ನೋಡಿ, ಮತ್ತೆ ಎದುರು ಮಾತಾಡ್ತಾನೆ!"

"ಸಂಜೆ ನಲ್ಲಿ ಪಟ್ಟಿ ಕೊಡ್ತೀವಿ," ಅಧ್ಯಕ್ಷರು ತೀರ್ಪು ಕೊಟ್ಟರು. "ಅದರಲ್ಲಿ ನಿನ್ನ ಮನೆ ಇರಲ್ಲ."

ಟೈಪಿಸ್ಟನ ಮೈಯೆಲ್ಲ ಉರಿದುಹೋಯಿತು. ಹಾಕಿ ಬೈಸಿಕೊಂಡಿದ್ದರೆ ಆ ಮಾತು ಬೇರೆ. ಹಾಕದೆಯೇ ಬೈಸಿಕೊಳ್ಳುವುದೆಂದರೇನು? ಅವನು ನೇರವಾಗಿ ಸೋತ ಬಾಚಣಿಗೆ ಅಭ್ಯರ್ಥಿಯ ಸೈಕಲ್ ಅಂಗಡಿಗೆ ನುಗ್ಗಿದ.

"ಸಾರ್, ಆ ಒಂದು ಓಟು ನಂದಲ್ಲ ಅಂತ ನಾಲ್ಕು ಜನರ ಮುಂದೆ ಹೇಳಿಬಿಡಿ."

ಸೈಕಲ್ ಅಂಗಡಿಯವರ ಕಣ್ಣು ತುಂಬಿಬಂತು. "ಹೆದರಬೇಡಿ ತಮ್ಮಾ! ಪ್ರಾಣ ಹೋದ್ರೂ ನಿಮ್ಮ ಹೆಸರು ಹೇಳಲ್ಲ!" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿ, ಗ್ರೀಸು ಮೆತ್ತಿದ ಕೈಯಲ್ಲೇ ಬಿಗಿಯಾಗಿ ಅಪ್ಪಿಕೊಂಡರು. ಸ್ಕೂಟರಿನಲ್ಲಿ ಹೋಗುತ್ತಿದ್ದ ಬೇಕರಿಯವನು ಅದನ್ನು ನೋಡಿದ. ಮಧ್ಯಾಹ್ನದೊಳಗೆ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಕೊನೆಗೆ ಟೈಪಿಸ್ಟ್ ತನಗೆ ಬರುವ ವಿದ್ಯೆಯನ್ನೇ ನಂಬಿದ. ಮೇಜಿಗೆ ಕೂತು ತನ್ನದೇ ಅಫಿಡವಿಟ್ ಕುಟ್ಟಿದ. ಅರ್ಧಂಬರ್ಧ ಕೆಲಸ ಅವನ ಜಾಯಮಾನದಲ್ಲೇ ಇಲ್ಲ. "ನಾನಾಗಲಿ, ನನ್ನ ಹೆಂಡತಿಯಾಗಲಿ ಸದರಿ ಬಾಚಣಿಗೆ ಗುರುತಿಗೆ ಮತ ಹಾಕಿರುವುದಿಲ್ಲ, ಮುಂದೆಯೂ ಹಾಕತಕ್ಕದ್ದಲ್ಲ ಎಂದು ಪ್ರಮಾಣ ಮಾಡಿರುತ್ತೇನೆ." ವಕೀಲರಿಂದ ಸೀಲೂ ಬಿತ್ತು.

ಸಂಜೆ ಸಂಘದ ಸಭೆಯಲ್ಲಿ ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು. ಸೀಲು ನೋಡಿದ ಮೇಲೆ ಎಲ್ಲರೂ ತಲೆಯಾಡಿಸಿದರು. ಪಕ್ಕದ ಮನೆಯಾಕೆ "ನಾನು ಮೊದಲೇ ಹೇಳಿದ್ದೆ, ಇವನು ಅಂಥವನಲ್ಲ ಅಂತ" ಎಂದಳು. ಟೈಪಿಸ್ಟ್ ಬೆಳಗಿನಿಂದ ಮೊದಲ ಸಲ ಸರಿಯಾಗಿ ಉಸಿರಾಡಿದ.

ಆಗ ಗೆದ್ದ ಅಭ್ಯರ್ಥಿ ಬಂದ.

"ಆ ಒಂದು ಓಟು ಹಾಕಿದವರನ್ನ ಬೈಬೇಡಿ," ಎಂದ. "ಪಕ್ಕದ ವಾರ್ಡಿನ ಒಂದು ಮತಗಟ್ಟೆಲಿ ಒಬ್ಬನಿಗೇ ನೂರಕ್ಕೆ ನೂರು ಬಿತ್ತು. ಮೋಸ ಅಂತ ದೂರು ಕೊಟ್ಟು ಫಲಿತಾಂಶನೇ ತಡೆಹಿಡಿಸಿದಾರೆ. ಇಲ್ಲಿ ಆ ಒಂದು ಓಟು ನನ್ನ ಸೀಟು ಉಳಿಸ್ತು. ನಲ್ಲಿ ಸದ್ಯಕ್ಕೆ ಒಂದೇ ಮಂಜೂರಾಗಿದೆ. ಅದು ಆ ಪುಣ್ಯಾತ್ಮರ ಮನೆಗೇ. ಯಾರು, ಕೈ ಎತ್ತಿ."

ಮನೆಮನೆಗೂ ಎಂದಿದ್ದ ನಲ್ಲಿ ಒಂದಾದದ್ದು ಹೇಗೆಂದು ಒಬ್ಬರಾದರೂ ಕೇಳಬೇಕೇ! ಸಭೆಗೆ ಸಭೆಯೇ ಕೈ ಎತ್ತಿತು. ಬೇಕರಿಯವನು ಎರಡೂ ಕೈ ಎತ್ತಿದ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಸತ್ಯ ಮುಚ್ಚಿಡಬಾರದು. ಅದು ನಾನೇ," ಎಂದರು.

ಪಕ್ಕದಲ್ಲೇ ಕೂತಿದ್ದ ಹೆಂಡತಿ ಟೈಪಿಸ್ಟನ ತೋಳು ಜಗ್ಗಿದಳು. "ರೀ, ಆ ಓಟು ನಂದು ಕಣ್ರೀ."

"ಏನು!"

"ಬೆಳಗ್ಗೆಯಿಂದ ಹೇಳೋಕೆ ಭಯ ಆಯ್ತು. ಪ್ರಚಾರಕ್ಕೆ ಬಂದವರಲ್ಲಿ ಆ ಸೈಕಲ್ ಅಂಗಡಿಯವರು ಒಬ್ಬರೇ ನನ್ನ ಕೊಡ ಇಸ್ಕೊಂಡು ಒಳಗೆ ತಂದಿಟ್ಟಿದ್ದು."

ಟೈಪಿಸ್ಟ್ ನೆಗೆದು ನಿಂತ. "ಸಾರ್, ಅದು ನಮ್ಮನೆ ಓಟು! ನನ್ನ ಹೆಂಡತಿದು!"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಅಫಿಡವಿಟ್ಟನ್ನು ಗೆದ್ದವನ ಕೈಗಿಟ್ಟರು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಟೈಪಿಸ್ಟನ ಬೆನ್ನು ತಟ್ಟಿದ.

"ನೋಡ್ರಪ್ಪಾ, ಇಡೀ ಬೀದಿ ನನ್ನ ವಿರುದ್ಧ ಹಾಕಿದೀವಿ ಅಂತ ಕೈ ಎತ್ತಿದೆ. ನನಗೇ ಹಾಕಿದ್ದು ಅಂತ ಸೀಲು ಹಾಕಿಸಿಕೊಟ್ಟವರು ಇವರೊಬ್ಬರೇ!" ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಅಧ್ಯಕ್ಷರ ಕಡೆ ತಿರುಗಿದ. "ನಲ್ಲಿ ನಿಮ್ಮ ಮನೆಗೇ ಇರಲಿ. ಇವರ ಓಟು ಹೇಗೂ ಮುಂದಕ್ಕೂ ನಮ್ಮದೇ, ಬರೆದೇ ಕೊಟ್ಟಿದಾರಲ್ಲ."