ಮುಖ ನೋಡಿ ಕೂರಿಸಿದ ಫ್ಯಾನುಗಳು

ಅಂದ ಮತ್ತು ಉಪಯೋಗ ಎರಡೂ ಎದುರಿಗೆ ಬಂದು ನಿಂತರೆ ನಾನು ಅಂದದ ಕಡೆಗೇ ಬೀಳುವವನು. ಕಚ್ಚುವ ಚಪ್ಪಲಿಯನ್ನು ಬಣ್ಣ ಚೆನ್ನಾಗಿದೆಯೆಂದು ಎರಡು ವರ್ಷ ಮೆಟ್ಟಿದ್ದೇನೆ. ಮನೆಗಳ ನಕ್ಷೆ ಬರೆದು, ಕಟ್ಟುವ ಮೊದಲೇ ವಿಡಿಯೋದಲ್ಲಿ ತೋರಿಸುವ ನನ್ನ ಕಸುಬಿಗೆ ಈ ಗುಣ ಒಳ್ಳೆಯದೇ ಎಂದು ನಂಬಿದ್ದೆ.

ಕೊಡಿಗೇಹಳ್ಳಿಯ ಹಳೇ ಕೊಟ್ಟಿಗೆ ಜಾಗದಲ್ಲಿ ನನ್ನ ಭಾಮೈದ ಮಂಜುನಾಥ ಇಬ್ಬರು ಪಾಲುದಾರರೊಂದಿಗೆ ಮನೆಗಳನ್ನು ಕಟ್ಟಿಸುವವನಿದ್ದ. "ಭಾವ, ವಿಜಯದಶಮಿ ಸಾಯಂಕಾಲ ನಾಲ್ಕಕ್ಕೆ ಬರ್ತೀವಿ. ಅವತ್ತು ವಿಡಿಯೋ ತೋರಿಸ್ಲಿಲ್ಲ ಅಂದ್ರೆ ಪಾಲುದಾರ್ರು ಹೆಬ್ಬಾಳದ ನಕ್ಷೆಯವ್ರ ಹತ್ರ ಹೋಗ್ತಾರಂತೆ" ಎಂದಿದ್ದ. ಹಿಂದಿನ ದಿನ ಆಯುಧಪೂಜೆ. ಪೂಜೆಗಿಟ್ಟ ಆಯುಧ ಮುಟ್ಟಬಾರದೆಂದು ನಮ್ಮ ಮನೆಯಲ್ಲೇ ಇರುವ ಅತ್ತೆಯವರ ಕಟ್ಟಪ್ಪಣೆ. ಹಾಗಾಗಿ ಪೂಜೆಗೆ ಮೊದಲೇ ಕಂಪ್ಯೂಟರನ್ನು ಬಿಚ್ಚಿ, ಧೂಳು ಒರೆಸಿ, ಗಂಧ ಕುಂಕುಮ ಹಚ್ಚಿ ಸುಮ್ಮನೆ ಕೂರಿಸಿದೆ.

ಈ ಕಂಪ್ಯೂಟರಿನ ಬಿಸಿಯನ್ನು ಕೊಳವೆಯ ನೀರು ಹೊತ್ತು ತಂದು ರೇಡಿಯೇಟರಿಗೆ ಸುರಿಯುತ್ತದೆ, ಕಾರಿನಲ್ಲಿ ಇದ್ದ ಹಾಗೆಯೇ. ರೇಡಿಯೇಟರಿನ ಮೇಲೆರಡು, ಕೆಳಗೆರಡು ಫ್ಯಾನು. ಫ್ಯಾನಿನ ಒಂದು ಮುಖ ನುಣುಪಾಗಿ ಲಕಲಕ ಅನ್ನುತ್ತದೆ. ಇನ್ನೊಂದರಲ್ಲಿ ಅಡ್ಡಪಟ್ಟಿ, ಚೀಟಿ, ವೈರು. ಒರೆಸಿ ಮತ್ತೆ ಜೋಡಿಸುವಾಗ, ಬಂದವರಿಗೆ ಕಾಣಲೆಂದು ನಾಲ್ಕರ ಚೆಂದದ ಮುಖವನ್ನೂ ಹೊರಗೇ ಮಾಡಿ ತಿರುಪು ಬಿಗಿದೆ.

ವಿಜಯದಶಮಿ ಬೆಳಿಗ್ಗೆ ವಿಡಿಯೋ ತಯಾರಾಗಲು ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಬಿಸಿ ತೊಂಬತ್ತೈದು ಡಿಗ್ರಿ ಮುಟ್ಟಿತು. ಜೀವ ಉಳಿಸಿಕೊಳ್ಳಲು ಯಂತ್ರ ತಾನೇ ನಿಧಾನವಾಯಿತು. ಎರಡು ಗಂಟೆಗೆ ಅರ್ಧವೂ ಮುಗಿದಿರಲಿಲ್ಲ. ಯಂತ್ರದ ಗಾಜಿನ ಬಾಗಿಲು ತೆಗೆದೆ, ಟೇಬಲ್ ಫ್ಯಾನು ತಂದಿಟ್ಟೆ, ಫ್ಯಾನು ಮಾಡಿದವರ ವಂಶವನ್ನೆಲ್ಲ ಬೈದೆ. ಕೆಲಸ ಕೈತಪ್ಪುತ್ತದೆಂದು ನಿಜಕ್ಕೂ ಹೆದರಿದ್ದೆ.

ಅಷ್ಟರಲ್ಲಿ ಅತ್ತೆಯವರು ಊದುಬತ್ತಿ ಬೆಳಗಲು ಬಂದರು. ಹೊಗೆ ಮೇಲಿನಿಂದ ಒಳಕ್ಕೆ ಹೋಯಿತು. ಅವರು ಕೈ ಕೆಳಗಿಳಿಸಿದರು. ಅಲ್ಲಿಯೂ ಒಳಕ್ಕೇ ಹೋಯಿತು.

"ಅಳಿಯಂದ್ರೆ, ಇದೇನ್ ಇಂಗೆ? ಮೇಲಿಂದಾನೂ ಒಳೀಕೆ, ಕೆಳಗಿಂದಾನೂ ಒಳೀಕೆ. ಎರಡ್ ಕಡೆಯಿಂದ ಗಾಳಿ ಬೀಸಿದ್ರೆ ಯಾರಾದ್ರೂ ರಾಗಿ ತೂರಕ್ಕಾಯ್ತದಾ?"

ಕಣದಲ್ಲಿ ರಾಗಿ ತೂರಿದ ಕೈಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ. ಫ್ಯಾನು ಗಾಳಿಯನ್ನು ನುಣುಪು ಮುಖದಿಂದ ಎಳೆದು ಅಡ್ಡಪಟ್ಟಿಯ ಕಡೆಗೆ ಊದುತ್ತದೆ. ಗಾಳಿ ಎದುರುಬದುರು ಗುದ್ದಾಡಿ ರೇಡಿಯೇಟರಿನಲ್ಲೇ ನಿಂತುಬಿಟ್ಟಿತ್ತು. ಯಂತ್ರ ಆರಿಸಿ, ಮೇಲಿನ ಎರಡನ್ನು ಬಿಚ್ಚಿ ಮಗುಚಿ ಹಾಕಿ, ವಿಡಿಯೋವನ್ನು ನಿಂತಲ್ಲಿಂದಲೇ ಮತ್ತೆ ಶುರುಮಾಡಿದೆ. ಚೀಟಿ, ವೈರು ಎಲ್ಲ ಕಾಣುತ್ತಿದ್ದವು, ಕಾಣಲಿ. ಬಿಸಿ ಅರುವತ್ತಕ್ಕಿಳಿಯಿತು. ಬಾಗಿಲ ಗಂಟೆ ಬಾರಿಸುವುದಕ್ಕೂ ವಿಡಿಯೋ ಮುಗಿಯುವುದಕ್ಕೂ ಸರಿಹೋಯಿತು.

ಪಾಲುದಾರರು ರಸ್ತೆಯ ಕಡೆಯ ನೋಟಕ್ಕೆ ತಲೆದೂಗಿದರು. ಸಾಲುಸಾಲು ದೊಡ್ಡ ಕಿಟಕಿಗಳು, ನನ್ನ ಹೆಮ್ಮೆಯವು. ವಿಡಿಯೋ ಮನೆಯನ್ನು ಸುತ್ತಿ ಹಿಂದಕ್ಕೆ ಹೋಯಿತು. ಹಿರಿಯರಾದವರು ಕನ್ನಡಕ ಸರಿಮಾಡಿಕೊಂಡರು.

"ಹಿಂದ್ಗಡೆ ಒಂದ್ ಕಿಟಕಿನೂ ಇಲ್ವಲ್ರೀ. ಗಾಳಿ ಹೆಂಗ್ರೀ ಆಡುತ್ತೆ?"

ಮಂಜುನಾಥ ನನ್ನ ಮುಖ ನೋಡಿದ. ಕಾಫಿ ಲೋಟ ಇಡುತ್ತಿದ್ದ ಅತ್ತೆಯವರು ತಲೆಯೆತ್ತದೆ ಹೇಳಿದರು:

"ನಮ್ ಅಳಿಯಂದ್ರು ಮೊದ್ಲು ಮುಖ ಮಾಡ್ತಾರೆ ಕಣಪ್ಪ. ಉಸ್ರಾಡಕ್ಕೆ ಮೂಗು ನಾಳೆ ಇಡ್ತಾರೆ."