ಫೈನಲ್ ಪಂದ್ಯದಲ್ಲಿ ಒಂದು ಪುಟ್ಟ ಸನ್ಮಾನ

ಕಾರ್ಯಕ್ರಮ ಎಂದರೆ ನನಗೆ ಹೆದರಿಕೆಯಿಲ್ಲ. ಸುಸ್ತು ಮಾತ್ರ ಇದೆ. ಬಹ್ರೇನ್‌ನಲ್ಲಿರುವ ನಮ್ಮ ಊರಿನವರ ಸಂಘಕ್ಕೆ ನಾನು ಎಷ್ಟೋ ವರ್ಷಗಳಿಂದ ಸಾಂಸ್ಕೃತಿಕ ಕಾರ್ಯದರ್ಶಿ. ಪ್ರತಿ ಸಲವೂ ಅವಿರೋಧ ಆಯ್ಕೆ! ಯಾಕೆಂದರೆ ಆಯ್ಕೆಯ ಹೊತ್ತಿಗೆ ಉಳಿದವರೆಲ್ಲ ಹೊರಗೆ ಚಪ್ಪಲಿ ಹುಡುಕುತ್ತಿರುತ್ತಾರೆ. ಊರಿನಿಂದ ಬಂದ ಕಲಾವಿದರಿಗೆ, ಊರಿಗೆ ಹೊರಟು ನಿಂತ ಹಿರಿಯರಿಗೆ, ಹತ್ತನೆಯ ತರಗತಿ ಪಾಸಾದ ಮಕ್ಕಳಿಗೆ, ಪಾಸಾಗದಿದ್ದರೂ ಅಪ್ಪ ದಾನಿಯಾಗಿದ್ದರೆ ಆ ಮಕ್ಕಳಿಗೂ ಶಾಲು ಹೊದಿಸಿ ಹೊದಿಸಿ ನನ್ನ ಭುಜದ ಕೀಲು ಸವೆದಿದೆ. ಒಮ್ಮೆ ನಿದ್ದೆಗಣ್ಣಿನಲ್ಲಿ ಹೆಂಡತಿಗೆ ಬೆಡ್‌ಶೀಟ್ ಹೊದಿಸಿ, ಚಪ್ಪಾಳೆಗಾಗಿ ಕಾದವನು ನಾನು.

ಇಂಥ ಅನುಭವಸ್ಥನಿಗೆ ಒಂದು ಬಾಸ್ಕೆಟ್‌ಬಾಲ್ ಪಂದ್ಯ ಯಾವ ಲೆಕ್ಕ? ಹಾಗೆಂದೇ ನಾನು ತಿಳಿದಿದ್ದೆ.

ನನ್ನ ಅಣ್ಣ ಸದಾನಂದ ಹೂರಾದಲ್ಲಿ ಕೋಲ್ಡ್ ಸ್ಟೋರ್ ನಡೆಸುತ್ತಾನೆ. ಹಾಲು, ಮೊಟ್ಟೆ, ಖುಬ್ಬೂಸ್ ರೊಟ್ಟಿ, ಊರಿನ ಕುಚ್ಚಲಕ್ಕಿ ಎಲ್ಲ ಅಲ್ಲಿ ಸಿಗುತ್ತದೆ. ಅಣ್ಣನಿಗೆ ಬಿಡುವು ಮಾತ್ರ ಸಿಗುವುದಿಲ್ಲ. ಅವನ ಮಗ ಪ್ರಣೀತ್ ಇಲ್ಲಿನದೇ ಒಂದು ಕಾಲೇಜಿನಲ್ಲಿ ಓದುತ್ತಾನೆ, ಕಾಲೇಜು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾನೆ. ಅವನ ಒಂದು ಆಟವನ್ನೂ ಅಣ್ಣ ನೋಡಿರಲಿಲ್ಲ. ಈ ಸಲ ತಂಡ ಫೈನಲ್‌ಗೆ ಬಂದಾಗ ಹುಡುಗ ಅಂಗಡಿಯ ಗಲ್ಲೆಯ ಎದುರು ಬಂದು ನಿಂತು, "ಅಪ್ಪ, ಒಂದೇ ಒಂದು ಸಲ ಬನ್ನಿ. ನಾವು ಗೆಲ್ಲುವುದನ್ನು ನೀವು ನೋಡ್ಬೇಕು" ಎಂದನಂತೆ. ಅಣ್ಣ ಆ ರಾತ್ರಿಯೇ ನನಗೆ ಫೋನ್ ಮಾಡಿದ.

"ಮಗ ಕರ್ದಿದ್ದಾನೆ ಮಾರಾಯ, ಹೋಗ್ಲೇಬೇಕು. ಗಲ್ಲೆಯಲ್ಲಿ ನಿನ್ನ ಅತ್ತಿಗೆ ಕೂತ್ಕೊಳ್ತಾಳೆ. ಆದ್ರೆ ಆ ಆಟದ ತಲೆಬುಡ ನಂಗೆ ಗೊತ್ತಿಲ್ಲ. ನೀನು ಬರ್ತೀಯಾ?"

"ನಾನಿರುವಾಗ ನಿಂಗೆ ಎಂತ ಚಿಂತೆ ಅಣ್ಣ?" ಎಂದೆ.

ಇತಿಹಾಸದಲ್ಲಿ ಎಷ್ಟೋ ಅನಾಹುತಗಳು ಈ ಒಂದು ವಾಕ್ಯದಿಂದಲೇ ಶುರುವಾಗಿರಬೇಕು.

ಶುಕ್ರವಾರ ಸಂಜೆ ನಾನು ಜಿಂಜ್‌ನ ನಮ್ಮ ಮನೆಯಿಂದ ಹೊರಡುವಾಗ ಕೈಯಲ್ಲಿ ಒಂದು ಶಾಲು, ಒಂದು ಮೈಸೂರು ಪೇಟ, ಬಣ್ಣದ ಹಾಳೆ ಸುತ್ತಿ ರಿಬ್ಬನ್ ಕಟ್ಟಿದ ದೊಡ್ಡ ಹಣ್ಣಿನ ಬುಟ್ಟಿ ಇದ್ದವು. ಹೆಂಡತಿ ಸುಜಾತಾ ಬಾಗಿಲಲ್ಲೇ ತಡೆದಳು.

"ಆಟ ನೋಡ್ಲಿಕ್ಕೆ ಪೇಟ ಎಂತಕ್ಕೆ?"

"ಹುಡುಗನಿಗೆ ಸಣ್ಣದೊಂದು ಸನ್ಮಾನ. ಅಣ್ಣನ ಕೈಯಿಂದಲೇ ಮಾಡಿಸುವುದು. ಅಪ್ಪ, ಮಗ, ಮಧ್ಯದಲ್ಲಿ ನಾನು. ಒಂದು ಫೋಟೋ."

"ಗೆದ್ದ ಮೇಲೆ ಮಾಡಿದ್ರೆ ಆಗುದಿಲ್ವಾ?"

ಇಲ್ಲಿ ನನ್ನ ಅನುಭವ ಮಾತಾಡಿತು. ಮುಖ್ಯ ಕಾರ್ಯಕ್ರಮ ಮುಗಿದ ಮೇಲೆ ಸನ್ಮಾನ ಇಟ್ಟರೆ ಸಭಿಕರೆಲ್ಲ ಊಟದ ಸಾಲಿನಲ್ಲಿರುತ್ತಾರೆ. ಸನ್ಮಾನ ಯಾವತ್ತೂ ಮಧ್ಯದಲ್ಲಿ ಇರಬೇಕು, ಸಭಿಕರಿಗೆ ತಪ್ಪಿಸಿಕೊಳ್ಳಲು ದಾರಿ ಇರಬಾರದು. ಇದು ಸಂಘ ನಡೆಸುವವರೆಲ್ಲರಿಗೂ ಗೊತ್ತಿರುವ ಸತ್ಯ. ಸುಜಾತಾ "ಏನಾದ್ರೂ ಮಾಡ್ಕೊಳ್ಳಿ, ನನ್ನನ್ನು ಮಾತ್ರ ಕರೀಬೇಡಿ" ಎಂದು ಬಾಗಿಲು ಹಾಕಿಕೊಂಡಳು.

ಹೂರಾದ ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹಾಕಿ ಅಣ್ಣನನ್ನು ಹತ್ತಿಸಿಕೊಂಡೆ. ಮದುವೆಗೆ ಹಾಕುವ ಬಿಳಿ ಶರ್ಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ ನಿಂತಿದ್ದ. ಬುಟ್ಟಿ ಅವನ ತೊಡೆಯ ಮೇಲೆ ಕೂತಿತು. ಅವಾಲಿ ಕಡೆಗೆ ಹೋಗುವ ರಸ್ತೆಯುದ್ದಕ್ಕೂ ಅಣ್ಣ ಅನಾನಸಿನ ಎಲೆಗಳ ಸಂದಿಯಿಂದಲೇ ಬಹ್ರೇನ್ ನೋಡಿದ.

ಕ್ರೀಡಾಂಗಣದ ಬಾಗಿಲಲ್ಲಿ ಪಾಕಿಸ್ತಾನದ ಕಾವಲುಗಾರ ಬುಟ್ಟಿ ನೋಡಿ, "ಯೇ ಕ್ಯಾ ಹೈ ಸಾಬ್?" ಎಂದ. "ಪ್ಲೇಯರ್ ಕೇ ಲಿಯೇ" ಎಂದೆ. ಆಟಗಾರರು ತಿನ್ನುವುದಕ್ಕೆ ಎಂದುಕೊಂಡು ಪುಣ್ಯಾತ್ಮ ಬಿಟ್ಟುಬಿಟ್ಟ. ಅವನು ಸ್ವಲ್ಪ ಕಟ್ಟುನಿಟ್ಟಿನ ಮನುಷ್ಯನಾಗಿದ್ದರೆ ಒಂದು ಕಾಲೇಜಿನ ಮಾನ ಉಳಿಯುತ್ತಿತ್ತು.

ಒಳಗೆ ಜನವೋ ಜನ! ಡೋಲು ಬಡಿಯುವವರು, ಬಾವುಟ ಬೀಸುವವರು, ಮುಖಕ್ಕೆ ಬಣ್ಣ ಬಳಿದುಕೊಂಡವರು. ಖಾಲಿ ಇದ್ದ ಜಾಗವೆಲ್ಲ ಮೇಲ್ಗಡೆ, ಮೆಟ್ಟಿಲು ಹತ್ತಿ ಹೋಗಬೇಕು. ಅಣ್ಣನಿಗೆ ಗಂಟುನೋವು. ಅವನು ಮೆಟ್ಟಿಲುಗಳನ್ನು ನೋಡಿ, "ನಾನು ಇಲ್ಲೇ ಬಾಗಿಲ ಹತ್ರ ನಿಂತು ನೋಡ್ತೇನೆ" ಎಂದ. ನಾನು ಬಿಡುತ್ತೇನೆಯೇ? ನಮ್ಮ ಸಭೆಗಳಲ್ಲಿ ಎದುರಿನ ಸಾಲಿನ ಸೋಫಾ ಯಾವತ್ತೂ ಖಾಲಿ ಇರುತ್ತದೆ, ಧೈರ್ಯವಾಗಿ ಕೂತವನೇ ಗಣ್ಯ. ಕೆಳಗೆ ಅಂಗಳದ ಅಂಚಿನಲ್ಲಿ ಸಾಲಾಗಿ ಕುರ್ಚಿಗಳಿದ್ದವು. ಹೋಗಿ ಕೂತೆವು.

ಅದು ಅಂಕ ಬರೆಯುವವರ ಜಾಗವಂತೆ. ಎಬ್ಬಿಸಿದರು. ಇನ್ನೊಂದು ಕಡೆ ಕೂತೆವು. ಅದು ಎದುರಾಳಿ ತಂಡದ ಬೆಂಚಂತೆ. ಅಲ್ಲಿಂದಲೂ ಎಬ್ಬಿಸಿದರು. ಬುಟ್ಟಿ ಹೊತ್ತ ನಮ್ಮಿಬ್ಬರನ್ನು ದೂರದಿಂದಲೇ ಗುರುತಿಸಿದ ಪ್ರಣೀತ್ ಓಡಿ ಬಂದು ಅಪ್ಪನ ಕೈ ಹಿಡಿದುಕೊಂಡ. ತನ್ನ ಕೋಚ್‌ಗೆ ಏನೋ ಹೇಳಿದ. ಕೋಚ್ ಎತ್ತರದ ಬಹ್ರೇನಿ, ಒಳ್ಳೆಯ ಮನುಷ್ಯ. ಅಣ್ಣನ ಮಂಡಿಯನ್ನು ನೋಡಿ, ತಮ್ಮ ಬೆಂಚಿನ ಕೊನೆಯಲ್ಲಿದ್ದ ಎರಡು ಕುರ್ಚಿ ತೋರಿಸಿ, "ಓಕೆ ಅಂಕಲ್, ಸಿಟ್ ಹಿಯರ್. ಬಟ್ ಪ್ಲೀಸ್, ಏನೂ ಮಾಡಬೇಡಿ, ಸುಮ್ಮನೆ ಕೂತುಕೊಳ್ಳಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಏನೂ ಮಾಡದೆ ಸುಮ್ಮನೆ ಕೂರುವುದು! ಸಂಘದ ಕಾರ್ಯದರ್ಶಿಗೆ ಹೇಳುವ ಮಾತೇ ಅದು?

ಆಟ ಶುರುವಾಯಿತು. ಅಣ್ಣನಿಗೆ ವಿವರಿಸುವ ಹೊಣೆ ನನ್ನದು.

"ಚೆಂಡನ್ನು ಆ ಬಳೆಯೊಳಗೆ ಹಾಕ್ಬೇಕು ಅಣ್ಣ."

"ಅದು ಕಾಣ್ತದೆ. ಒಂದು ಸಲ ಎರಡು ಅಂಕ ಕೊಡ್ತಾರೆ, ಒಂದು ಸಲ ಮೂರು ಕೊಡ್ತಾರೆ. ಅದೆಂತ ಹಾಗೆ?"

"ಚೆಂದ ಮಾಡಿ ಹಾಕಿದ್ರೆ ಮೂರು" ಎಂದೆ. ನನ್ನ ಪಕ್ಕದಲ್ಲಿ ಕೂತಿದ್ದ ಬದಲಿ ಆಟಗಾರ ನನ್ನನ್ನು ಒಮ್ಮೆ ನೋಡಿದ.

ಆದರೆ ಆಮೇಲೆ ಅಣ್ಣ ಅಂಕ ನೋಡಲೇ ಇಲ್ಲ. ಅವನ ಕಣ್ಣೆಲ್ಲ ಮಗನ ಮೇಲೆ. ಪ್ರಣೀತ್ ಹಾರಿದಾಗೆಲ್ಲ ಅಣ್ಣನ ಎರಡು ಹಿಮ್ಮಡಿಗಳೂ ನೆಲ ಬಿಟ್ಟು ಏಳುತ್ತಿದ್ದವು. "ಇವ ಇಷ್ಟು ಎತ್ತರ ಹಾರ್ತಾನಾ? ಅಂಗಡಿಯಲ್ಲಿ ಮೇಲಿನ ಶೆಲ್ಫಿನಿಂದ ಒಂದು ಡಬ್ಬ ತೆಗಿ ಅಂದ್ರೆ ಸ್ಟೂಲ್ ಎಲ್ಲಿ ಅಂತ ಕೇಳ್ತಾನೆ!" ಎಂದ. ಬೈಯುವ ಮಾತನ್ನು ಅವನು ಅಷ್ಟು ಸಂತೋಷದಿಂದ ಆಡಿದ್ದನ್ನು ನಾನು ಕಂಡಿರಲಿಲ್ಲ. ಬುದ್ಧಿ ಇದ್ದವನಾಗಿದ್ದರೆ ಆ ಕ್ಷಣ ಬುಟ್ಟಿಯನ್ನು ಕುರ್ಚಿಯ ಅಡಿಗೆ ತಳ್ಳಿ, ಅಣ್ಣನ ಜೊತೆ ಆಟ ನೋಡುತ್ತಿದ್ದೆ.

ಆದರೆ ಫೋನು ಟಣ್ ಎಂದಿತು. ಸನ್ಮಾನದ ವಿಷಯ ಸಂಘದ ಅಧ್ಯಕ್ಷರಿಗೆ ಮೊದಲೇ ಹೇಳಿಟ್ಟಿದ್ದೆ, ಅವರ ಸಂದೇಶ: "ಫೋಟೋ ಎಲ್ಲಿ? ಗ್ರೂಪಿಗೆ ಹಾಕಬೇಕು."

ಅರ್ಧ ಆಟ ಮುಗಿದಾಗ ಶಾಲು ಬಿಡಿಸಿ ಎದ್ದೆ. ತಂಡವೆಲ್ಲ ಓಡಿ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಶಾಲು ಮಡಚಿ ಬಂದು ಕೂತೆ. ಮುಂದಿನ ವಿರಾಮದಲ್ಲಿ ಮತ್ತೆ ಎದ್ದೆ. ಕೋಚ್ ನನ್ನ ಕಡೆ ನೋಡಿದ ನೋಟಕ್ಕೆ ಮತ್ತೆ ಕೂತೆ. ಅಧ್ಯಕ್ಷರಿಂದ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಬಂತು. ನನಗೆ ನಿಜವಾಗಿ ಸಾಕಾಗಿತ್ತು. ಈ ಒಂದು ಶಾಲು ಹೊದಿಸಿಬಿಟ್ಟರೆ ನನ್ನ ಡ್ಯೂಟಿ ಮುಗಿಯಿತು, ಆಮೇಲೆ ಹಾಯಾಗಿ ಕೂರಬಹುದು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಆಟ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ಎರಡೂ ತಂಡ ಅರವತ್ತೊಂದು, ಅರವತ್ತೊಂದು. ಚೆಂಡು ನಮ್ಮದು. ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಆಗ ನಮ್ಮ ಕೋಚ್ ಟೈಮ್‌ಔಟ್ ಕೇಳಿದರು. ಆಟಗಾರರೆಲ್ಲ ನನ್ನ ಎದುರಿಗೇ ಬಂದು ಸುತ್ತುಗಟ್ಟಿದರು. ಕೋಚ್ ಒಂದು ಹಲಗೆಯ ಮೇಲೆ ಗೆರೆ ಎಳೆಯುತ್ತ ಅವಸರ ಅವಸರವಾಗಿ ಏನೋ ಹೇಳತೊಡಗಿದರು.

ಸಭೆ ತುಂಬಿದೆ. ಎಲ್ಲರೂ ಎದ್ದು ನಿಂತಿದ್ದಾರೆ. ಸನ್ಮಾನಿತ ಕೈಗೆಟುಕುವ ದೂರದಲ್ಲಿದ್ದಾನೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೇ!

ನಾನು ಹಿಂದಿನಿಂದ ಹೋಗಿ ಪ್ರಣೀತ್‌ನ ತಲೆಗೆ ಪೇಟ ಇಟ್ಟೆ.

"ಚಿಕ್ಕಪ್ಪ, ಈಗ ಬೇಡ, ಪ್ಲೀಸ್" ಎಂದ ಹುಡುಗ, ಹಲಗೆಯಿಂದ ಕಣ್ಣು ತೆಗೆಯದೆ.

"ಎರಡೇ ನಿಮಿಷ ಮಗಾ" ಎಂದು ಶಾಲು ಹೊದಿಸಿದೆ. ಬೆವರಿನ ಮೈಗೆ ಅದು ಗಪ್ಪನೆ ಅಂಟಿಕೊಂಡಿತು. "ಅಣ್ಣ, ಬುಟ್ಟಿ!" ಎಂದು ಕೂಗಿದೆ. ಅಣ್ಣ ಗಾಬರಿಯಲ್ಲಿ ಬುಟ್ಟಿ ಎತ್ತಿಕೊಂಡು ಎದ್ದ. ಅಷ್ಟರಲ್ಲಿ ಟೈಮ್‌ಔಟ್ ಮುಗಿದ ಹಾರ್ನ್ ಹೊಡೆಯಿತು. ಪ್ರಣೀತ್ ಪೇಟ, ಶಾಲು ಎರಡನ್ನೂ ಕಿತ್ತೆಸೆದು ಅಂಗಳಕ್ಕೆ ನೆಗೆದ. ಫೋಟೋ ಆಗಿರಲಿಲ್ಲವಲ್ಲ! ಅಣ್ಣನ ಕೈಯಿಂದ ಬುಟ್ಟಿ ಕಸಿದು ನಾನೂ ಹಿಂದೆಯೇ ಹೋದೆ. ಆ ಗೆರೆ ದಾಟಬಾರದೆಂದು ನನಗೆ ಯಾರು ಹೇಳಿದ್ದರು? ಕಾಲಿಗೆ ಶಾಲು ತೊಡರಿತು. ನಾನು ಬೀಳಲಿಲ್ಲ. ಬುಟ್ಟಿ ಬಿತ್ತು.

ಸೇಬು ಒಂದು ಕಡೆ, ಕಿತ್ತಳೆ ಒಂದು ಕಡೆ. ದ್ರಾಕ್ಷಿಯ ಗೊಂಚಲು ಎದುರಾಳಿ ನಾಯಕನ ಬೂಟಿನಡಿ ಪಚಕ್ಕೆಂದಿತು. ಅನಾನಸು ಮಾತ್ರ ಗಂಭೀರವಾಗಿ ಉರುಳುತ್ತ ಅಂಗಳದ ಮಧ್ಯದ ವೃತ್ತದಲ್ಲಿ ಹೋಗಿ ನಿಂತಿತು.

ರೆಫರಿ ಸೀಟಿ ಊದಿದರು. ಒಂದು ಅಂಗೈಯನ್ನು ಚಪ್ಪರದ ಹಾಗೆ ಮಲಗಿಸಿ, ಅದರಡಿಯಲ್ಲಿ ಇನ್ನೊಂದು ಅಂಗೈಯನ್ನು ಕಂಬದ ಹಾಗೆ ನಿಲ್ಲಿಸಿ ನನಗೇ ತೋರಿಸಿದರು. ಏನೋ ಮರ್ಯಾದೆಯ ಗುರುತು ಇರಬೇಕೆಂದು ನಾನೂ ಕೈಮುಗಿದೆ.

ಹುಡುಗರು ಹಣ್ಣು ಹೆಕ್ಕಿದರು, ಯಾರೋ ನೆಲ ಒರೆಸಿದರು. ಎದುರಾಳಿ ತಂಡದ ಒಬ್ಬ ಆಟಗಾರ ಒಬ್ಬನೇ ಬಳೆಯ ಎದುರು ಬಂದು ನಿಂತ. ಯಾರೂ ಅವನನ್ನು ತಡೆಯುತ್ತಿರಲಿಲ್ಲ. ನಾನು ಪಕ್ಕದ ಬದಲಿ ಆಟಗಾರನನ್ನು ಕೇಳಿದೆ, "ವಾಟ್ ಹ್ಯಾಪನ್ಡ್?"

"ಟೆಕ್ನಿಕಲ್ ಫೌಲ್, ಅಂಕಲ್."

"ಯಾರ ಮೇಲೆ?"

"ಯು."

ಬೆಂಚಿನಲ್ಲಿ ಕೂತವರು ಮಾಡಿದ್ದೆಲ್ಲ ತಂಡದ ತಲೆಗೇ ಬರುತ್ತದಂತೆ. ಅದಕ್ಕೆ ಎದುರಾಳಿಗೆ ಒಂದು ಬಿಟ್ಟಿ ಎಸೆತವಂತೆ. ಶುಗರಿನ ಮಾತ್ರೆ ನುಂಗುವ ಈ ಪ್ರಾಯದಲ್ಲಿ, ಅಂತರ ಕಾಲೇಜು ಫೈನಲ್‌ನಲ್ಲಿ ನನಗೆ ಫೌಲ್! ಆ ಹುಡುಗ ಚೆಂಡು ಎಸೆದ. ಚೆಂಡು ಬಳೆಗೆ ತಾಗದೆ ಒಳಗಿಳಿಯಿತು. ಅರವತ್ತೊಂದು, ಅರವತ್ತೆರಡು.

"ಅವನಿಗೆ ಮಾತ್ರ ಎಂತಕ್ಕೆ ಬಿಟ್ಟಿ?" ಎಂದು ಕೇಳಿದ ಅಣ್ಣ.

ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಗಿತ್ತು. ನಿಜ ಹೇಳುವ ಧೈರ್ಯ ಬರಲಿಲ್ಲ. "ಅದು... ಅತಿಥಿ ತಂಡಕ್ಕೆ ಕೊನೆಗೆ ಒಂದು ಕೊಡುವ ಕ್ರಮ ಉಂಟು ಅಣ್ಣ" ಎಂದೆ.

"ಒಳ್ಳೆ ಕ್ರಮ" ಎಂದ ಅಣ್ಣ.

ಉಳಿದ ಸೆಕೆಂಡುಗಳಲ್ಲಿ ಚೆಂಡು ಪ್ರಣೀತ್‌ನ ಕೈಗೆ ಬಂತು. ಕೋಚ್ ಹಲಗೆಯ ಮೇಲೆ ಗೆರೆ ಎಳೆದು ಹೇಳಿದ ಉಪಾಯದಲ್ಲಿ ಎಷ್ಟು ಅವನ ಕಿವಿಗೆ ಹೋಗಿತ್ತೋ, ಎಷ್ಟು ನನ್ನ ಪೇಟದಡಿ ಸಿಕ್ಕಿಬಿದ್ದಿತ್ತೋ ದೇವರೇ ಬಲ್ಲ. ಇಬ್ಬರ ನಡುವಿನಿಂದ ನುಗ್ಗಿ ಅವನು ಹಾರಿದ. ಗಂಟುನೋವು ಮರೆತು ಅಣ್ಣ ಎದ್ದು ನಿಂತ. ಚೆಂಡು ಬಳೆಯ ಮೇಲೆ ಒಂದು ಸುತ್ತು ಬಂದು, ಇನ್ನೊಂದು ಸುತ್ತು ಬಂದು, ಹೊರಗೆ ಬಿತ್ತು. ಹಾರ್ನ್ ಹೊಡೆಯಿತು.

ಎದುರಾಳಿಗಳು ಕಿರುಚಿ ಕುಣಿದರು. ಅಣ್ಣನೂ ಚಪ್ಪಾಳೆ ತಟ್ಟಿದ. ಪ್ರಣೀತ್ ನೆಲದ ಮೇಲೆ ಕೂತು ಮುಖಕ್ಕೆ ಬನಿಯನ್ ಮುಚ್ಚಿಕೊಂಡ. ಕೋಚ್ ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ನನ್ನ ಎದುರು ಬಂದರು, ಬಾಯಿ ತೆರೆದರು, ಮುಚ್ಚಿದರು, ಹೋದರು. ಬೈದಿದ್ದರೇ ಚೆನ್ನಾಗಿತ್ತು. ಅದರ ಮೇಲೆ ಗೆದ್ದ ಕಾಲೇಜಿನ ಹುಡುಗರು ಓಡಿ ಬಂದು "ಅಂಕಲ್, ಒಂದು ಸೆಲ್ಫಿ!" ಎಂದು ನನ್ನನ್ನು ಮಧ್ಯದಲ್ಲಿ ನಿಲ್ಲಿಸಿಕೊಂಡರು. ಆ ದಿನದ ನನ್ನ ಏಕೈಕ ಫೋಟೋ ಅದು. ಅಧ್ಯಕ್ಷರಿಗೆ ಕಳಿಸಲಿಲ್ಲ.

ವಾಪಸು ಬರುವಾಗ ಅಣ್ಣ ನನ್ನ ಪಕ್ಕದಲ್ಲಿ, ಪ್ರಣೀತ್ ಹಿಂದಿನ ಸೀಟಿನಲ್ಲಿ. ಹುಡುಗ ಏನಾದರೂ ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಅಣ್ಣನೇ ಮಾತು ಶುರು ಮಾಡಿದ.

"ಎಂಥಾ ಆಟ ಮಾರಾಯ! ಇಷ್ಟು ದಿವಸ ನಾನು ಬಾರದ್ದು ತಪ್ಪಾಯ್ತು. ಹೌದಾ ಮಗಾ, ನಾವು ಗೆದ್ದೆವಲ್ಲ?"

ಪ್ರಣೀತ್ ಕಿಟಕಿಯಿಂದ ಈಚೆ ತಿರುಗಿದ.

"ಇಲ್ಲ ಅಪ್ಪ. ಸೋತೆವು. ಒಂದು ಪಾಯಿಂಟ್."

ಅಣ್ಣನ ಮುಖ ಇಳಿಯಿತು. "ಅಯ್ಯೋ, ಒಂದೇ? ಯಾರು ಹಾಳು ಮಾಡಿದ್ದು?"

ನಾನು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದೆ.

"ಹೊಸಬರು ಒಬ್ರು ಇದ್ರು ಅಪ್ಪ. ಗೊತ್ತಿಲ್ಲದೆ ಒಂದು ತಪ್ಪು ಮಾಡಿದ್ರು" ಎಂದ ಪ್ರಣೀತ್, ತುಂಬ ಮೆತ್ತಗೆ.

"ಹೋಗ್ಲಿ ಬಿಡು, ಸಣ್ಣ ಪ್ರಾಯದ ಹುಡುಗ ಇರ್ಬೇಕು."

"ಇಲ್ಲಪ್ಪ. ಸ್ವಲ್ಪ ಪ್ರಾಯ ಆಗಿದೆ."

"ಪ್ರಾಯ ಆದವನನ್ನು ಆಟಕ್ಕೆ ಬಿಡುದು ಎಂತಕ್ಕೆ? ಬೆಂಚಿನಲ್ಲಿ ಕೂರಿಸ್ಲಿಕ್ಕೆ ಆಗುದಿಲ್ವಾ?"

"ಕೂರಿಸಿದ್ರು ಅಪ್ಪ. ಅಲ್ಲೇ ಆದದ್ದು."

ಅಣ್ಣ ನಿಧಾನವಾಗಿ ನನ್ನ ಕಡೆ ತಿರುಗಿದ. ಕೆಂಪು ಸಿಗ್ನಲ್‌ಗೆ ಕಾರು ನಿಲ್ಲಿಸಿ ನಾನು ನೇರವಾಗಿ ರಸ್ತೆಯನ್ನೇ ನೋಡುತ್ತಿದ್ದೆ. ಸಿಗ್ನಲ್ ಹಸಿರಾಗಿ, ಹಿಂದಿನ ಕಾರುಗಳೆಲ್ಲ ಹಾರ್ನ್ ಹೊಡೆಯಲು ಶುರು ಮಾಡಿದ ಮೇಲೂ ನೋಡುತ್ತಲೇ ಇದ್ದೆ.